10 ಸಾವಿರ ಕಿಲೋಮೀಟರಿಗೇ ಕ್ಲಚ್ ಹೋದರೆ ಮೊದಲು ಪ್ಲೇಟ್ ನೋಡಿ, ಜಗಳ ಆಮೇಲೆ

ಕಾರು ತಗೊಂಡು ವರ್ಷ ತುಂಬಿಲ್ಲ, ಮೀಟರಿನಲ್ಲಿ 10–15 ಸಾವಿರ ಕಿಲೋಮೀಟರ್. ಮಂಗಳೂರಿನ ನಂತೂರು ಏರಿನಲ್ಲಿ ಎಕ್ಸಲೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ. ಮೂಗಿಗೆ ಸುಟ್ಟ ವಾಸನೆ. ಸರ್ವಿಸ್ ಸೆಂಟರುಗಳಲ್ಲಿ ಇದಕ್ಕೆ ಸಿದ್ಧ ಉತ್ತರ ಒಂದುಂಟು: "ಹಾಫ್ ಕ್ಲಚ್‌ನಲ್ಲಿ ಓಡಿಸಿದ್ದೀರಿ ಸರ್, ಕ್ಲಚ್ ವಾರಂಟಿಯಲ್ಲಿ ಬರುವುದಿಲ್ಲ." ಹಾಫ್ ಕ್ಲಚ್ ಎಂದರೆ ಪೆಡಲನ್ನು ಅರ್ಧ ಮಾತ್ರ ಬಿಟ್ಟು, ಪ್ಲೇಟ್ ಜಾರುವಂತೆ ಓಡಿಸುವುದು. ಗೇರ್‌ಬಾಕ್ಸ್ ಇಳಿಸುವ ಮೊದಲೇ ಕೊಡುವ ಈ ತೀರ್ಪನ್ನು ನಾನು ಒಪ್ಪುವುದಿಲ್ಲ. "ನನ್ನ ಡ್ರೈವಿಂಗ್ ಸರಿಯೇ ಉಂಟು, ತಪ್ಪೆಲ್ಲ ಕಂಪನಿಯದ್ದು" ಎನ್ನುವ ಮಾಲೀಕರ ವಾದವನ್ನೂ ಒಪ್ಪುವುದಿಲ್ಲ. ಕ್ಲಚ್ ಹೇಗೆ ಹಾಳಾಯಿತು ಎಂಬುದರ ಗುರುತು ಕ್ಲಚ್ ಪ್ಲೇಟಿನ ಮೇಲೆ, ಅದು ಒತ್ತಿ ಹಿಡಿಯುವ ಇಂಜಿನ್ನಿನ ಫ್ಲೈವೀಲ್ ಎಂಬ ಚಕ್ರದ ಮೇಲೆ ಉಳಿದಿರುತ್ತದೆ. ಅದನ್ನು ನೋಡದೆ ಇಬ್ಬರೂ ಮಾತಾಡುವುದು ವ್ಯರ್ಥ. ಸರಿಯಾಗಿ ಓಡಿಸಿದ ಕಾರಿನ ಕ್ಲಚ್ 60 ಸಾವಿರದಿಂದ 1 ಲಕ್ಷ ಕಿಲೋಮೀಟರ್ ಬಾಳುವುದು ಸಾಮಾನ್ಯ. 10 ಸಾವಿರಕ್ಕೆ ಸವೆದರೆ ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ಹೋದದ್ದು ಕ್ಲಚ್ಚೇ ಹೌದಾ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್, 40–50 ಕಿ.ಮೀ. ವೇಗ. ಎಕ್ಸಲೇಟರನ್ನು ಪೂರ್ತಿ ಒತ್ತಿ. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮತ್ತು ವೇಗ ಎರಡೂ ಜೊತೆಯಾಗಿ ಏರಬೇಕು. ಆರ್‌ಪಿಎಂ ಮಾತ್ರ ಹಾರಿ, ವೇಗ ಅಲ್ಲೇ ನಿಂತರೆ ಪ್ಲೇಟ್ ಜಾರುತ್ತಿದೆ. ಒಂದೆರಡು ಸಲ ಸಾಕು, ಈ ಪರೀಕ್ಷೆಯೂ ಪ್ಲೇಟನ್ನು ಸುಡುತ್ತದೆ. ಗೇರ್ ಗಟ್ಟಿಯಾಗಿದೆ, ರಿವರ್ಸ್ ಹಾಕುವಾಗ ಕರ್ರ್ ಎನ್ನುತ್ತದೆ ಎಂದಾದರೆ ಅದು ಸವೆತವಲ್ಲ, ಪೆಡಲ್ ಒತ್ತಿದರೂ ಪ್ಲೇಟ್ ಇಂಜಿನ್ನಿನಿಂದ ಪೂರ್ತಿ ಬೇರೆಯಾಗುತ್ತಿಲ್ಲ ಎಂದರ್ಥ. ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ) ಪೈಪಿನಲ್ಲಿ ಗಾಳಿ ಸೇರಿರಬಹುದು, ಆಯಿಲ್ ಸೋರುತ್ತಿರಬಹುದು. ಮಳೆಗಾಲಕ್ಕೆಂದು ಹಾಸಿದ ದಪ್ಪ ರಬ್ಬರ್ ಮ್ಯಾಟ್ ಪೆಡಲಿನ ಅಡಿಗೆ ಸಿಕ್ಕಿಕೊಂಡಿರುವುದೂ ಉಂಟು. ಇಂತಹ ದೂರಿಗೆ ಹೊಸ ಕ್ಲಚ್ ಹಾಕಿಸಿದರೆ ಹಣ ಹೋಗುತ್ತದೆ, ದೂರು ಹಾಗೇ ಉಳಿಯುತ್ತದೆ. ಇನ್ನು ಜುಲೈ ಮಳೆಯಲ್ಲಿ ವಾರಗಟ್ಟಲೆ ಹೊರಗೆ ನಿಂತ ಗಾಡಿ ಹೊರಡುವಾಗ ಅದುರಿದರೆ ಗಾಬರಿ ಬೇಡ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಫ್ಲೈವೀಲಿನ ಮುಖ ತೆಳುವಾಗಿ ತುಕ್ಕು ಹಿಡಿಯುತ್ತದೆ, ನಾಲ್ಕಾರು ಸಲ ಹೊರಟು ನಿಂತರೆ ಉಜ್ಜಿ ಹೋಗುತ್ತದೆ. ಹೋಗದಿದ್ದರೆ ಮಾತ್ರ ತೋರಿಸಿ.

ಈಗ ನಮ್ಮ ಊರಿನ ವಿಷಯ. ಹಂಪನಕಟ್ಟೆಯಿಂದ ಬಾವುಟಗುಡ್ಡೆ ಹತ್ತುವ ಜಾಗ, ಕದ್ರಿ ಏರು, ಇಂದ್ರಾಳಿ ದಾಟಿ ಮಣಿಪಾಲಕ್ಕೆ ಹತ್ತುವ ರಸ್ತೆ, ಎಲ್ಲ ಕಡೆ ಬೆಳಿಗ್ಗೆ ಸಂಜೆ ಸಾಲು ನಿಲ್ಲುತ್ತದೆ. ಬ್ರೇಕ್ ಹಾಕದೆ, ಕ್ಲಚ್ ಮತ್ತು ಎಕ್ಸಲೇಟರ್ ನಡುವೆ "ಬ್ಯಾಲೆನ್ಸ್" ಮಾಡಿ ಗಾಡಿ ನಿಲ್ಲಿಸುವುದನ್ನು ಇಲ್ಲಿ ಜಾಣತನ ಎಂದುಕೊಂಡವರು ಬಹಳ. ಆ ಬ್ಯಾಲೆನ್ಸಿನ ಲೆಕ್ಕ ನೋಡಿ. 1,200 ಕೆ.ಜಿ. ತೂಕದ ಕಾರು, 10 ಮೀಟರಿಗೆ 1 ಮೀಟರ್ ಏರುವ ರಸ್ತೆ. ಹಿಂದೆ ಜಾರದಂತೆ ಹಿಡಿಯಲು ಸುಮಾರು 120 ಕೆ.ಜಿ. ಭಾರದಷ್ಟು ಬಲ ಬೇಕು. ಒಂದನೇ ಗೇರಿನಲ್ಲಿ, ಇಂಜಿನ್ 1,500 ಆರ್‌ಪಿಎಂನಲ್ಲಿ ತಿರುಗುತ್ತ, ಚಕ್ರ ನಿಂತೇ ಇದ್ದರೆ ಕ್ಲಚ್ಚಿನಲ್ಲಿ ಹುಟ್ಟುವ ಶಾಖ ಹತ್ತಿರ ಹತ್ತಿರ 4 ಕಿಲೋವಾಟ್. ಬಚ್ಚಲುಮನೆಯ 2 ಕಿಲೋವಾಟ್ ಗೀಸರ್ ಎರಡನ್ನು ಒಂದು ಊಟದ ತಟ್ಟೆಯಷ್ಟಗಲದ ಪ್ಲೇಟಿನ ಮೇಲೆ ಒಟ್ಟಿಗೇ ಉರಿಸಿದ ಹಾಗೆ. ಪಕ್ಕಾ ಮುಚ್ಚಿದ ಹೌಸಿಂಗ್ ಒಳಗೆ ಅದು ಬೇಗ ತಣಿಯುವುದೂ ಇಲ್ಲ.

ರಸ್ತೆಗಿಂತ ಕೆಟ್ಟದ್ದು ನಮ್ಮ ಮನೆಯ ದಾರಿ. ಗುಡ್ಡೆಯ ಮೇಲಿನ ಮನೆ, ಕಾಂಕ್ರೀಟ್ ಇಳಿಜಾರು, ಆಚೀಚೆ ಮುರಕಲ್ಲಿನ ಕಾಂಪೌಂಡ್, ತಿರುಗಿಸಲು ಜಾಗವಿಲ್ಲ. ದಿನಾ ಸಂಜೆ ರಿವರ್ಸಿನಲ್ಲಿ, ಗೋಡೆ ನೋಡುತ್ತ, ಅರ್ಧ ಕ್ಲಚ್ಚಿನಲ್ಲಿ ಇಂಚಿಂಚು ಹತ್ತಿಸುವುದು. ದಿನಕ್ಕೆ ಒಂದೂವರೆ ನಿಮಿಷ ಎಂದರೂ ವರ್ಷಕ್ಕೆ 9 ಗಂಟೆ ಬರೀ ಜಾರಿಸಿದ್ದು. ಮೀಟರಿನಲ್ಲಿ ಇದು ಕಾಣುವುದಿಲ್ಲ, ಹಾಗಾಗಿ "ಬರೇ 10 ಸಾವಿರ ಓಡಿದ್ದು" ಎಂದು ನಂಬುತ್ತೇವೆ. ಸಾಧ್ಯವಿದ್ದರೆ ಮೂತಿ ಮುಂದೆ ಮಾಡಿ ಒಂದೇ ಓಟಕ್ಕೆ ಹತ್ತಿಸಿ, ಇಳಿಯುವಾಗ ರಿವರ್ಸ್ ಬನ್ನಿ. ಇಳಿಯುವಾಗ ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದು ಬ್ರೇಕಿನಲ್ಲಿ ಹಿಡಿಯಬಹುದು, ಪ್ಲೇಟ್ ಸವೆಯುವುದಿಲ್ಲ.

ಸಣ್ಣ ಟರ್ಬೊ ಪೆಟ್ರೋಲ್ ಇಂಜಿನ್‌ಗಳಿಗೆ 1,500 ಆರ್‌ಪಿಎಂ ಕೆಳಗೆ ದಮ್ಮು ಕಡಿಮೆ. ಎಸಿ ಹಾಕಿ, ಐದು ಜನ ಕೂತರೆ ಇನ್ನೂ ಕಡಿಮೆ. ಇಂಜಿನ್ ಆಫ್ ಆಗುವ ಹೆದರಿಕೆಗೆ ಕ್ಲಚ್ ಹೆಚ್ಚು ಹೊತ್ತು ಜಾರಿಸುತ್ತೇವೆ. ಎಎಂಟಿ (ಕ್ಲಚ್ ಪೆಡಲಿಲ್ಲದೆ ತಾನೇ ಗೇರ್ ಬದಲಿಸುವ) ಗಾಡಿಯವರು "ನಮಗೆ ಕ್ಲಚ್ಚೇ ಇಲ್ಲ" ಎಂದುಕೊಳ್ಳಬೇಡಿ. ಒಳಗೆ ಅದೇ ಪ್ಲೇಟ್ ಉಂಟು, ಪೆಡಲ್ ಒತ್ತುವ ಕೆಲಸ ಮಾತ್ರ ಯಂತ್ರದ್ದು. ಏರಿನಲ್ಲಿ ಎಕ್ಸಲೇಟರ್ ಹಿಡಿದು ನಿಲ್ಲಿಸಿದರೆ ಅದೂ ಸುಡುತ್ತದೆ.

ಏರಿನಲ್ಲಿ ಹೊರಡುವ ಸರಿಯಾದ ಕ್ರಮ ಹೊಸದೇನಲ್ಲ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ, ನ್ಯೂಟ್ರಲ್ ಮಾಡಿ ಕ್ಲಚ್ಚಿನಿಂದ ಕಾಲು ತೆಗೆಯಿರಿ. ಮುಂದಿನ ಗಾಡಿ ಒಂದು ಕಾರಿನಷ್ಟು ದೂರ ಹೋದ ಮೇಲೆ ಒಂದನೇ ಗೇರ್, ಸುಮಾರು 1,500 ಆರ್‌ಪಿಎಂ, ಕ್ಲಚ್ ಹಿಡಿಯುವವರೆಗೆ ಬಿಡಿ. ಮೂತಿ ಸ್ವಲ್ಪ ಎದ್ದ ಕೂಡಲೇ ಹ್ಯಾಂಡ್‌ಬ್ರೇಕ್ ಇಳಿಸಿ. ಒಂದೆರಡು ಸೆಕೆಂಡಿನಲ್ಲಿ ಕ್ಲಚ್ ಪೂರ್ತಿ ಬಿಟ್ಟಿರಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು 1989 ಲೈಸೆನ್ಸ್ ಪರೀಕ್ಷೆಯಲ್ಲಿ ಕೇಳುವುದೂ ಕಡಿದಾದ ಏರಿನಲ್ಲಿ ಹಿಂದೆ ಜಾರದೆ ಹೊರಡುವುದನ್ನೇ. ಓಡುವಾಗ ಎಡಗಾಲು ಪೆಡಲಿನ ಮೇಲೆ ಅಲ್ಲ, ಪಕ್ಕದ ಡೆಡ್ ಪೆಡಲಿನ (ಕಾಲು ಊರುವ ಜಾಗ) ಮೇಲೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಹೋದರೆ? ಇಲ್ಲೇ ಸರ್ವಿಸ್ ಸೆಂಟರ್ ನೋಡದೆ ಬಿಡುವ ಜಾಗಗಳಿರುವುದು. ಕೇಬಲ್ ಕ್ಲಚ್ಚಿನ ಕಾರಿನಲ್ಲಿ ಪೆಡಲಿಗೆ ಸ್ವಲ್ಪ ಸಡಿಲ ಓಡಾಟ ಬೇಕು, ಹೆಚ್ಚಾಗಿ 10–20 ಮಿ.ಮೀ., ನಿಮ್ಮ ಗಾಡಿಯ ಅಳತೆ ಮ್ಯಾನ್ಯುಯಲ್‌ನಲ್ಲಿರುತ್ತದೆ. ಪ್ಲೇಟ್ ಸವೆದ ಹಾಗೆ ಈ ಸಡಿಲ ಕಡಿಮೆಯಾಗುತ್ತದೆ. ಸೊನ್ನೆಯಾದರೆ ಯಾರೂ ಒತ್ತದೆಯೇ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಭಾಗ) ಪ್ರೆಶರ್ ಪ್ಲೇಟನ್ನು (ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ತಟ್ಟೆ) ಒತ್ತುತ್ತಲೇ ಇರುತ್ತದೆ, ನೀವು ಕಾಲಿಡದಿದ್ದರೂ ಹಾಫ್ ಕ್ಲಚ್. ಕೇಬಲ್ ತುದಿಯ ನಟ್ ತಿರುಗಿಸಿ ಸರಿಮಾಡುವ ಐದು ನಿಮಿಷದ ಕೆಲಸವದು. ಮೊದಲ ಉಚಿತ ಸರ್ವಿಸಿನಲ್ಲೇ ಬೆರಳಿನಿಂದ ಒತ್ತಿ ಸ್ಕೇಲಿನಲ್ಲಿ ಅಳೆಯಿಸಿ.

ಹೈಡ್ರಾಲಿಕ್ ಕ್ಲಚ್ ತಾನಾಗಿ ಹೊಂದಿಕೊಳ್ಳುತ್ತದೆ, ಆದ್ದರಿಂದ "ಪೆಡಲ್ ತುಂಬ ಮೇಲೆ ಬಂದ ಮೇಲೆ ಹಿಡಿಯುತ್ತದೆ, ಪ್ಲೇಟ್ ಮುಗಿದಿದೆ" ಎಂಬ ಹಳೆಯ ಲೆಕ್ಕ ಅಲ್ಲಿ ನಂಬುವಂಥದ್ದಲ್ಲ. ಅದರ ರೋಗ ಬೇರೆ. ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರದಿಂದ ಆಯಿಲ್ ಡಬ್ಬಿಗೆ ವಾಪಸು ಬರದಿದ್ದರೆ ಪೈಪಿನಲ್ಲಿ ಒತ್ತಡ ಉಳಿಯುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಿದ್ದು, ಬಿಸಿಯಾದ ಮೇಲೆ ಜಾರಲು ಸುರುವಾದರೆ ಇದರ ಮೇಲೆ ಸಂಶಯಪಡಿ. ಜಾರುತ್ತಿರುವಾಗಲೇ ಗಾಡಿ ನಿಲ್ಲಿಸಿ, ಕ್ಲಚ್ ಸಿಲಿಂಡರಿನ ಬ್ಲೀಡ್ ನಿಪ್ಪಲನ್ನು (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಮೆಕ್ಯಾನಿಕ್ ಒಮ್ಮೆ ಸಡಿಲಿಸಿ ಬಿಗಿಯಲಿ. ಆಯಿಲ್ ಚಿಮ್ಮಿ, ಜಾರುವುದು ನಿಂತರೆ ತಪ್ಪು ನಿಮ್ಮ ಕಾಲಿನದ್ದಲ್ಲ.

ಗೇರ್‌ಬಾಕ್ಸ್ ಇಳಿಸುವ ದಿನ ಅಲ್ಲೇ ಇರಿ. ಅರ್ಧ ದಿನ ರಜೆ ಹಾಕಿದರೂ ನಷ್ಟವಿಲ್ಲ. ಹೊಸ ಪ್ಲೇಟ್ ದಪ್ಪ ಹೆಚ್ಚಾಗಿ 8 ಮಿ.ಮೀ. ಆಸುಪಾಸು. ವರ್ನಿಯರ್‌ನಲ್ಲಿ ಅಳೆದು ಜಾಬ್ ಕಾರ್ಡಿನಲ್ಲಿ ಬರೆಯಿಸಿ, ಲೈನಿಂಗ್ (ಪ್ಲೇಟಿನ ಎರಡೂ ಬದಿಯ ಉಜ್ಜುವ ಪದರ) ಹಿಡಿದ ರಿವೆಟ್ ತಲೆ ಎಷ್ಟು ಆಳದಲ್ಲಿದೆ ಎಂಬುದನ್ನೂ. ಎರಡೂ ಬದಿ ಸಮನಾಗಿ ಸವೆದು, ಫ್ಲೈವೀಲಿನಲ್ಲಿ ನೀಲಿ ಕಲೆಗಳಿದ್ದರೆ ಜಾರಿ ಕಾದದ್ದು ಖರೆ. ಓಡಿಸಿದ ರೀತಿಯಿಂದಲೂ ಹಾಗಾಗುತ್ತದೆ, ಮೇಲೆ ಹೇಳಿದ ಕೇಬಲ್, ಸಿಲಿಂಡರ್ ದೋಷದಿಂದಲೂ ಹಾಗಾಗುತ್ತದೆ, ಅದಕ್ಕೇ ಅವೆರಡನ್ನು ಬಿಚ್ಚುವ ಮೊದಲು ಪರೀಕ್ಷಿಸಬೇಕು. ಲೈನಿಂಗ್ ಕಪ್ಪಾಗಿ, ಎಣ್ಣೆ ಕುಡಿದು ಹೊಳೆಯುತ್ತಿದ್ದರೆ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್ ಅಥವಾ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಸೀಲ್ ಸೋರಿದೆ. ಗಂಧಕದ ಕಟು ವಾಸನೆಯಾದರೆ ಗೇರ್ ಆಯಿಲ್. ಒಂದೇ ಬದಿ ಸವೆದಿದ್ದರೆ ಸ್ಪ್ಲೈನ್ (ಪ್ಲೇಟ್ ಸರಿದಾಡುವ ಶಾಫ್ಟಿನ ಹಲ್ಲುಗಳು) ಹಿಡಿದು ಪ್ಲೇಟ್ ಸರಿಯಾಗಿ ಸರಿದಾಡಿಲ್ಲ. ದಪ್ಪ ಸಾಕಷ್ಟಿದ್ದೂ ಲೈನಿಂಗ್ ಚಕ್ಕೆ ಎದ್ದಿದ್ದರೆ, ಡ್ಯಾಂಪರ್ ಸ್ಪ್ರಿಂಗ್ ತುಂಡಾಗಿದ್ದರೆ, ಪ್ರೆಶರ್ ಪ್ಲೇಟಿನ ಬೆರಳಿನಂಥ ಸ್ಪ್ರಿಂಗ್ ತುದಿಗಳು ಏರುಪೇರಾಗಿ ಸವೆದಿದ್ದರೆ "ಡ್ರೈವಿಂಗ್ ಹ್ಯಾಬಿಟ್" ಎಂಬ ಒಂದೇ ಮಾತಿಗೆ ಸುಮ್ಮನಾಗಬೇಡಿ. ಕಾರಣ ಬರೆದುಕೊಡಲು ಹೇಳಿ.

ಪ್ಲೇಟ್ ಸವೆಯುವ ವಸ್ತು, ಹಾಗಾಗಿ ವಾರಂಟಿಯಿಂದ ಹೊರಗೆ ಎಂದು ಬಹುತೇಕ ಪುಸ್ತಕಗಳಲ್ಲಿ ಬರೆದಿರುತ್ತದೆ. ಆದರೆ ಸೋರಿದ ಸೀಲ್, ಕೆಟ್ಟ ಸಿಲಿಂಡರ್ ಸವೆಯುವ ವಸ್ತುಗಳಲ್ಲ. ಅವುಗಳಿಂದ ಪ್ಲೇಟ್ ಹಾಳಾದರೆ ಪ್ಲೇಟನ್ನೂ ಕೇಳುವುದು ನ್ಯಾಯ. ಬಿಚ್ಚುವ ಮೊದಲೇ ಜಾಬ್ ಕಾರ್ಡಿನಲ್ಲಿ "ದೋಷ ಕಂಡರೆ ಬಿಚ್ಚಿದ ಮಜೂರಿ ಮಾಲೀಕರದ್ದಲ್ಲ" ಎಂದು ಬರೆಯಿಸಿಕೊಳ್ಳಿ. ಫೋಟೊ ತೆಗೆಯಿರಿ, ಹಳೆ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಮನೆಗೆ ತನ್ನಿ. ಒಪ್ಪದಿದ್ದರೆ ಕಂಪನಿಗೆ ಇಮೇಲ್, ಬಳಿಕ 1915 ಗ್ರಾಹಕ ಸಹಾಯವಾಣಿ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಾರು ಬೆಂಗಳೂರಿನಲ್ಲಿ ತಗೊಂಡಿದ್ದರೂ. ಅವಧಿ ಎರಡು ವರ್ಷ. ಪರೀಕ್ಷೆಯಿಲ್ಲದೆ ದೋಷ ಗೊತ್ತಾಗದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಹಳೆ ಪ್ಲೇಟ್ ಗುಜರಿಗೆ ಹೋದರೆ ಕಳಿಸಲು ಏನೂ ಉಳಿಯುವುದಿಲ್ಲ.

ಹೊಸದು ಹಾಕಿಸುವಾಗ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ. ಬೇರಿಂಗಿನಲ್ಲಿ ಉಳಿಸಿದ ಹಣ ಎರಡನೇ ಸಲ ಗೇರ್‌ಬಾಕ್ಸ್ ಇಳಿಸುವ ಮಜೂರಿಗೆ ಹೋಗುತ್ತದೆ. ಫ್ಲೈವೀಲಿನಲ್ಲಿ ಸಣ್ಣ ಬಿರುಕು, ನೀಲಿ ಕಲೆ ಇದ್ದರೆ ಸ್ಕಿಮ್ಮಿಂಗ್ (ಲೇತಿನಲ್ಲಿ ಮುಖವನ್ನು ತೆಳುವಾಗಿ ಕೆತ್ತುವುದು) ಮಾಡಿಸಿ ಅಥವಾ ಬದಲಿಸಿ. ಡ್ಯುಯಲ್ ಮಾಸ್ ಫ್ಲೈವೀಲ್ (ಎರಡು ತುಂಡುಗಳ ನಡುವೆ ಸ್ಪ್ರಿಂಗ್ ಇರುವುದು) ಆದರೆ ಲೇತಿಗೆ ಕೊಡಬೇಡಿ. ಸ್ಪ್ಲೈನಿಗೆ ಗ್ರೀಸ್ ತೆಳು ಪದರವಷ್ಟೇ, ಹೆಚ್ಚಾದದ್ದನ್ನು ಒರೆಸಬೇಕು, ಇಲ್ಲವಾದರೆ ತಿರುಗುವಾಗ ಹಾರಿ ಲೈನಿಂಗಿಗೆ ಹತ್ತುತ್ತದೆ. ಕವರ್ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಗೆ ಟಾರ್ಕ್ ರೆಂಚ್. ಎಎಂಟಿಗೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್ ಹಿಡಿಯುವ ಬಿಂದುವನ್ನು ಕಲಿಸಲೇಬೇಕು. ಮೊದಲ 500 ಕಿಲೋಮೀಟರ್ ಪೂರ್ತಿ ಲೋಡ್ ಬೇಡ. ಆಗುಂಬೆಯ 14 ತಿರುವು, ಚಾರ್ಮಾಡಿ, ಶಿರಾಡಿ ಎಲ್ಲ ಅದಾದ ಮೇಲೆ.