ಪತ್ತನಾಜೆ ಕಳೆದ ಮೇಲಿನ ದರ್ಶನ

ಕಾರು ಸರ್ವಿಸಿನಿಂದ ಬಂದ ದಿನ ನಾನು ಬಿಲ್ಲನ್ನು ಪಂಚಾಂಗದ ಹಾಗೆ ಓದುತ್ತೇನೆ. ಎಂಜಿನ್ ಆಯಿಲು, ಆಯಿಲ್ ಫಿಲ್ಟರು, ಏರ್ ಫಿಲ್ಟರು, ಸ್ಪಾರ್ಕ್ ಪ್ಲಗ್ಗು ಮೂರು, ಲೇಬರು, ಜಿಎಸ್‌ಟಿ, ಕೊನೆಗೆ ಯಾರಿಗೂ ಅರ್ಥವಾಗದ ‘ಕನ್ಸ್ಯೂಮೇಬಲ್ಸ್’. ಈ ಸಲ ಒಟ್ಟು 6,840 ರೂಪಾಯಿ. ಓದಿದ್ದಕ್ಕೆ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ಆದರೂ ಮಳೆ ಹಿಡಿಯುವ ಮೊದಲು ಒಂದು ದೊಡ್ಡ ಕೆಲಸ ಮುಗಿಸಿದ ಸಮಾಧಾನ. ಭಾನುವಾರ ಬೆಳಿಗ್ಗೆ ಚಹಾ ಕುಡಿದು, ಬಾನೆಟ್ ಎತ್ತಿ, ಹೊಸ ಸಾಮಾನನ್ನೆಲ್ಲ ಒಮ್ಮೆ ಕಣ್ತುಂಬ ನೋಡಿಕೊಂಡೂ ಆಯಿತು.

ಹತ್ತು ಗಂಟೆಗೆ ಕಟಪಾಡಿಗೆ ಹೊರಟೆವು. ಹೆಂಡತಿಯ ತಂಗಿಯ ಸೀಮಂತ. ಬಿಜೈಯಿಂದ ಕೊಟ್ಟಾರ ಚೌಕಿಯವರೆಗೆ ಕಾರು ಬೆಣ್ಣೆಯಂತೆ ಹೋಯಿತು. ಕೂಳೂರು ಸೇತುವೆಯ ಹತ್ತಿರ ಒಂದು ಹೊಂಡ. ನಾನು ನೋಡುವಷ್ಟರಲ್ಲಿ ಮುಂದಿನ ಚಕ್ರ ಅದರೊಳಗೆ ಇಳಿದು ಎದ್ದಾಗಿತ್ತು. ಎದುರಿಗೆ ಲಾರಿಗಳ ಸಾಲು. ನಿಂತೆವು. ನಿಂತದ್ದೇ ತಡ, ಕಾರು ನಡುಗಲು ಶುರು.

ಸಣ್ಣ ನಡುಕ ಅಲ್ಲ. ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಂಡಿತು. ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ ‘ಇಲ್ಲ, ಇಲ್ಲ’ ಎಂದು ತಲೆಯಾಡಿಸತೊಡಗಿದ. ಅತ್ತೆಯ ಮಡಿಲಲ್ಲಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತಾಳ ಹಿಡಿಯಿತು.

“ಪತ್ತನಾಜೆ ಕಳೆದು ವಾರ ಆಯ್ತು. ಭೂತಗಳಿಗೇ ರಜೆ. ನಿಮ್ಮ ಕಾರಿಗೆ ಈಗ ಎಂತ ದರ್ಶನ?” ಎಂದಳು ಹೆಂಡತಿ. ಪತ್ತನಾಜೆ ಎಂದರೆ ತುಳುನಾಡಿನ ಭೂತಕೋಲಗಳಿಗೆ ಮಳೆಗಾಲದ ಬಿಡುವು ಶುರುವಾಗುವ ದಿನ, ದರ್ಶನ ಎಂದರೆ ಭೂತ ಮೈಮೇಲೆ ಬಂದಾಗಿನ ನಡುಕ.

ಬೆಳಿಗ್ಗೆಯಷ್ಟೇ ‘ನಮ್ಮ ಕಾರು’ ಆಗಿದ್ದದ್ದು ಕೂಳೂರಿನಲ್ಲಿ ‘ನಿಮ್ಮ ಕಾರು’ ಆದದ್ದನ್ನು ಗಮನಿಸಿದೆ. ಉತ್ತರ ಕೊಡಲಿಲ್ಲ.

ವಿಚಿತ್ರವೆಂದರೆ, ಅರುವತ್ತರ ಸ್ಪೀಡಿನಲ್ಲಿ ಹೋಗುವಾಗ ಅಷ್ಟೇನೂ ಗೊತ್ತಾಗುವುದಿಲ್ಲ, ಪಿಕಪ್ ಸ್ವಲ್ಪ ಸೋಮಾರಿ, ಅಷ್ಟೆ. ನಿಲ್ಲಿಸಿದರೆ ನಡುಕ. ಹೆಜಮಾಡಿ ಟೋಲಿನ ಸಾಲಿನಲ್ಲಿ ನಿಂತಾಗ ಎಂಜಿನ್ ಚಿತ್ರದ ಕಿತ್ತಳೆ ದೀಪ ಮಿಣಮಿಣ ಮಾಡತೊಡಗಿತು. ಟೋಲ್ ದಾಟಿದ ಮೇಲೆ ಮಿನುಗುವುದನ್ನು ಬಿಟ್ಟು ಸುಮ್ಮನೆ ಉರಿಯಿತು. ಮಿನುಗುವುದು ನಿಂತಿತಲ್ಲ, ಅರ್ಧ ಗುಣವಾಯಿತು ಎಂದು ನಾನು ಲೆಕ್ಕ ಹಾಕಿದೆ. ಸರ್ವಿಸಿನವರಿಗೆ ಬರೆಯಬೇಕಾದ ದೂರನ್ನು ಮಾತ್ರ ಪಡುಬಿದ್ರಿ ಬರುವುದರೊಳಗೆ ಮನಸ್ಸಿನಲ್ಲೇ ಮೂರು ಪ್ಯಾರಾ ಬರೆದು ಮುಗಿಸಿದ್ದೆ. ಸರ್ವಿಸಿಗೆ ಮೊದಲು ಚಂದ ಇದ್ದದ್ದು ಸರ್ವಿಸಿನ ಮರುದಿನ ನಡುಗಿದರೆ ತಪ್ಪು ಯಾರದು ಎಂದು ಹೇಳಲಿಕ್ಕೆ ವಕೀಲರು ಬೇಕೆ?

ಊಟವಾದ ಮೇಲೆ ಎಲೆ ಅಡಿಕೆ ಜಗಿಯುತ್ತಾ ಗಂಡಸರೆಲ್ಲ ಕಾರಿನ ಸುತ್ತ ಸೇರಿದರು. ಸೀಮಂತದ ಹುಡುಗಿಯನ್ನೂ ಅಷ್ಟು ಜನ ವಿಚಾರಿಸಿರಲಿಕ್ಕಿಲ್ಲ. ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದ ದೊಡ್ಡಪ್ಪ ಬಾನೆಟ್ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, “ಎಂಜಿನ್ ಮೌಂಟಿಂಗ್ ಹೋಗಿದೆ” ಎಂದರು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, “ಎಲ್ಲ ಆ ಪೆಟ್ರೋಲಿಗೆ ಬೆರೆಸುವ ಇಪ್ಪತ್ತು ಪರ್ಸೆಂಟ್ ಎಥೆನಾಲ್ ಅಂಕಲ್” ಎಂದ. ಈಗ ಯಾವ ಕಾರಿಗೆ ಯಾವ ರೋಗ ಬಂದರೂ ಮೊದಲು ಎಥೆನಾಲಿನ ಕೊರಳಿಗೆ ಕಟ್ಟುವುದು ರೂಢಿ. ಅಡುಗೆ ಭಟ್ರು ತಮ್ಮ ಓಮ್ನಿಯ ಅನುಭವದಿಂದ, ಪ್ಲಗ್ಗನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಕು ಎಂದರು. ಕುಂದಾಪುರದ ಭಾವ ಒಂದೇ ಮಾತು: “ಇಲಿ. ವಯರ್ ತಿಂದಿದೆ. ಬರೆದಿಟ್ಕೊಳ್ಳಿ.”

ಸರಿ, ನಡುಕವನ್ನು ತೋರಿಸಲು ಸ್ಟಾರ್ಟ್ ಮಾಡಿದೆ. ಕಾರು ತಣ್ಣಗೆ ನಿಂತಿತು, ಮದುವೆಗೆ ಹೆಣ್ಣು ನೋಡಲು ಬಂದವರ ಎದುರು ಕೂತ ಹಾಗೆ. ಎಲ್ಲರೂ ನನ್ನ ಮುಖ ನೋಡಿ ಒಬ್ಬೊಬ್ಬರಾಗಿ ಒಳಗೆ ಹೋದರು. ರಿವರ್ಸ್ ತೆಗೆಯುವಾಗ ಚರಂಡಿಯ ಚಪ್ಪಡಿ ಹತ್ತಿ ಇಳಿದದ್ದೇ, ಮತ್ತೆ ಶುರು.

ಸೋಮವಾರ ಸರ್ವಿಸಿನವರಿಗೆ ಫೋನ್ ಮಾಡಿದರೆ, “ಗುರುವಾರ ತನ್ನಿ ಸರ್” ಎಂದರು. ಗುರುವಾರದವರೆಗೆ ನಾನು ಕಾದೇನು, ನನ್ನ ಹೆಂಡತಿ ಕಾಯಬೇಕಲ್ಲ. ಕುದ್ರೋಳಿ ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಅವರು ಬಾನೆಟ್ ಎತ್ತುವ ಮೊದಲೇ, ಸೈಲೆನ್ಸರಿನ ಹತ್ತಿರ ನಿಂತು ಕಿವಿ ಕೊಟ್ಟು, “ಮಿಸ್ಸಿಂಗ್ ಉಂಟು” ಎಂದರು. ಬಿಲ್ಲಿನಲ್ಲಿ ಯಾವುದೂ ಮಿಸ್ಸಿಂಗ್ ಇರಲಿಲ್ಲವಲ್ಲ ಎಂದುಕೊಂಡೆ.

“ನಿಮ್ಮದು ಮೂರು ಸಿಲಿಂಡರ್. ಮೂವರು ಹೊತ್ತುಕೊಂಡು ಹೋಗುವ ಕಪಾಟಿನಲ್ಲಿ ಒಬ್ಬ ಕೈಬಿಟ್ಟ ಹಾಗೆ ಆಗಿದೆ. ಓಡುವಾಗ ಆ ರಭಸಕ್ಕೆ ಹೇಗೋ ಹೋಗ್ತದೆ. ಸ್ಲೋದಲ್ಲಿ ಎಂಟುನೂರು ಆರ್‌ಪಿಎಂಗೆ ಬಂದಾಗ ಬಣ್ಣ ಗೊತ್ತಾಗ್ತದೆ. ದೀಪ ಮಿನುಗಿತ್ತಾ?”

“ಸ್ವಲ್ಪ...”

“ಮಿನುಗುವಾಗ ಓಡಿಸಬಾರದು ಮಾರಾಯ್ರೆ. ಸುಡದ ಪೆಟ್ರೋಲ್ ಹೋಗಿ ಹೊಗೆ ಕ್ಲೀನ್ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಸುಡ್ತದೆ. ಅದು ಹೋದ್ರೆ ನಿಮ್ಮ ಸರ್ವಿಸ್ ಬಿಲ್ಲು ಮಕ್ಕಳಾಟಿಕೆ.”

ಸ್ಟೀರಿಂಗಿನ ಅಡಿಗೆ ಕೈ ಹಾಕಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸ್ಕ್ಯಾನರ್ ಸಿಕ್ಕಿಸಿದರು. ಮೊಬೈಲಿನಲ್ಲಿ ‘ಪಿ 0302’ ಎಂದು ಬಂತು. ಎಂದರೆ ಎರಡನೇ ಸಿಲಿಂಡರು ಕೆಲಸಕ್ಕೆ ಚಕ್ಕರ್ ಹೊಡೆಯುತ್ತಿದೆ. ಈಗ ಕಾಯಿಲು, ಇಂಜೆಕ್ಟರು, ಕಂಪ್ರೆಶನ್ನು ಎಂದು ಸಾವಿರಗಳ ಲೆಕ್ಕ ಶುರುವಾಗುತ್ತದೆಂದು ನಾನು ಉಸಿರು ಬಿಗಿಹಿಡಿದೆ. ಅವರಿಗೆ ಆ ಅವಸರವೇ ಇರಲಿಲ್ಲ.

“ಸರ್ವಿಸ್ ಆದ ಮೇಲೆ ಬಂದ ರೋಗಕ್ಕೆ ಮೊದಲು ಕೈ ಹೋದ ಜಾಗ ನೋಡ್ಬೇಕು. ಏರ್ ಫಿಲ್ಟರಿನ ಪೈಪು ಕೂತಿದೆಯಾ, ಯಾವುದಾದ್ರೂ ವ್ಯಾಕ್ಯೂಮ್ ಹೋಸ್ ಬಿಟ್ಟಿದೆಯಾ, ಪ್ಲಗ್ ಟೈಟ್ ಉಂಟಾ, ಕಪ್ಲರ್ ಕೂತಿದೆಯಾ. ಹೊಸ ರೋಗ ಹುಡುಕಿಕೊಂಡು ಹೋಗುವುದು ಆಮೇಲೆ.”

ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದರು. ಎರಡನೇ ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಕಾಯಿಲಿಗೆ ಹೋಗುವ ವಯರಿನ ತುದಿಯ ಕಪ್ಲರನ್ನು ಎರಡು ಬೆರಳಲ್ಲಿ ಮುಟ್ಟಿದ್ದಷ್ಟೇ. ಲಾಕ್ ಒತ್ತುವ ಅಗತ್ಯವೇ ಬೀಳಲಿಲ್ಲ, ಹಣ್ಣಾದ ಅಡಿಕೆಯ ಹಾಗೆ ಕೈಗೆ ಬಂತು. ನನ್ನ ಕಡೆ ತಿರುಗಿ ತುಳುವಿನಲ್ಲಿ ಕೇಳಿದರು:

“ಉಂದೆನ್ ಏರ್ ದೆತ್ತಿನಿ?”

ಇದನ್ನು ಯಾರು ತೆಗೆದದ್ದು? ಅಗೋ, ಆಗ ನೆನಪಾಯಿತು.

ಶನಿವಾರ ರಾತ್ರಿ ಇದೇ ಕುಂದಾಪುರದ ಭಾವ ಫೋನಿನಲ್ಲಿ, “ಪ್ಲಗ್ ಹೊಸತು ಅಂತ ಬಿಲ್ ಮಾಡ್ತಾರೆ, ಒಳಗೆ ಹಳೆಯದೇ ಇರ್ತದೆ, ಬಿಚ್ಚಿ ನೋಡಿ” ಎಂದಿದ್ದರು. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ‘ನೋಡಿಕೊಂಡೆ’ ಎಂದು ಮೇಲೆ ಬರೆದೆನಲ್ಲ, ಕಣ್ಣಲ್ಲಿ ಎಂಬುದು ಪೂರ್ತಿ ನಿಜವಲ್ಲ. ಕವರ್ ತೆಗೆದಿದ್ದೆ. ನಡುವಿನ ಕಪ್ಲರನ್ನು ಎಳೆದು ತೆಗೆದೂ ಇದ್ದೆ. ಅದರಾಚೆ ಕಾಯಿಲು ಬಿಚ್ಚಲು ಸ್ಪ್ಯಾನರ್ ಬೇಕೆಂದು ಗೊತ್ತಾಗಿ, ಅಷ್ಟರಲ್ಲಿ ಒಳಗಿನಿಂದ “ಸ್ನಾನ ಆಯ್ತಾ?” ಎಂಬ ಕೂಗು ಬಂದು, ಗಡಿಬಿಡಿಯಲ್ಲಿ ತಳ್ಳಿಟ್ಟು ಬಂದಿದ್ದೆ. ಪಿನ್ನುಗಳು ಸುಮ್ಮನೆ ಮುಟ್ಟಿಕೊಂಡು ಕೂಳೂರಿನವರೆಗೆ ಮರ್ಯಾದೆ ಉಳಿಸಿದವು. ಮತ್ತೆ ಹೊಂಡ ತನ್ನ ಕೆಲಸ ಮಾಡಿತು.

“ಸರ್ವಿಸಿನವರೇ ಇರ್ಬೇಕು” ಎಂದೆ. ನನ್ನ ಸ್ವರ ನನಗೇ ಹಿಡಿಸಲಿಲ್ಲ.

ಮೆಕ್ಯಾನಿಕ್ ಮಾತಾಡಲಿಲ್ಲ. ಕಪ್ಲರನ್ನು ಒತ್ತಿದರು. ‘ಟಕ್’ ಎಂದಿತು. ಭಾನುವಾರ ನಾನು ಕೇಳಿರದ ಶಬ್ದ ಅದು. ಎಂಜಿನ್ ಸ್ಟಾರ್ಟ್ ಮಾಡಿದರೆ ಗಣಪತಿ ಅಲುಗಾಡಲಿಲ್ಲ. ದೀಪ ಅಳಿಸಿ ಕೊಟ್ಟರು. “ಸ್ಕ್ಯಾನಿಂಗಿಗೆ ಇನ್ನೂರು. ಟಕ್ ಫ್ರೀ. ಮಂಡೆಬೆಚ್ಚ ಮಾಡ್ಬೇಡಿ, ತುಂಬ ಜನ ಹೀಗೇ ಬರ್ತಾರೆ” ಎಂದರು. ಸಮಾಧಾನದ ಮಾತೇ, ಆದರೆ ಅವರು ನಗುತ್ತಿದ್ದರು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. “ಎಂತ ಆಗಿದ್ದಂತೆ?”

ಸತ್ಯ ನಾಲಿಗೆಯ ತುದಿವರೆಗೆ ಬಂದಿತ್ತು. ಹೊರಬಿದ್ದದ್ದು ಬೇರೆ.

“ಇಲಿ” ಎಂದೆ.

ಹತ್ತೇ ನಿಮಿಷದಲ್ಲಿ ಭಾವನ ಫೋನು. ನಾನು ಹೇಳಿರಲಿಲ್ವಾ ಎಂದು ಅವರು ಅರ್ಧ ಗಂಟೆ ಮಾತಾಡಿದರು. ಸಂಜೆಗೆ ಹೆಂಡತಿ ಮಾರ್ಕೆಟಿನಿಂದ ಇಲಿ ಬೋನು ತಂದಳು. ಅಂದಿನಿಂದ ಪ್ರತಿ ರಾತ್ರಿ ಕೊಬ್ಬರಿ ತುಂಡನ್ನು ಒಲೆಯಲ್ಲಿ ಸುಟ್ಟು, ಕೊಕ್ಕೆಗೆ ಸಿಕ್ಕಿಸಿ, ಕಾರಿನ ಅಡಿ ಇಟ್ಟು ಬರುವುದು ನನ್ನ ಡ್ಯೂಟಿ. ಬೆಳಿಗ್ಗೆ ಕೊಬ್ಬರಿ ಇಟ್ಟಲ್ಲೇ ಇರುತ್ತದೆ. ಹಾಗೇ ಬಿಟ್ಟರೆ ಅವಳಿಗೆ ಅನುಮಾನ ಬಂದೀತೆಂದು ಮೂರು ದಿನದಿಂದ ಎಲ್ಲರಿಗಿಂತ ಮೊದಲು ಎದ್ದು ನಾನೇ ತಿಂದುಬಿಡುತ್ತಿದ್ದೇನೆ.

ಸುಟ್ಟ ಕೊಬ್ಬರಿ, ನಿಜ ಹೇಳಬೇಕೆಂದರೆ, ರುಚಿ ಉಂಟು.