ಹತ್ತಡಿ ಎತ್ತರದ ಬ್ರೈಲ್

ಹಾಲ್‌ನ ಬಾಗಿಲಿನ ಮೇಲೆ, ನೆಲದಿಂದ ಹತ್ತಡಿ ಎತ್ತರದಲ್ಲಿ, ಬ್ರೈಲ್ ಲಿಪಿಯಲ್ಲಿ 'ಸುಸ್ವಾಗತ' ಅಂತ ಹಾಕಿದ್ದರು. ಫ್ಲೆಕ್ಸ್‌ನಲ್ಲಿ. ಬ್ರೈಲ್ ಅಂದರೆ ಆರು ಚುಕ್ಕಿಗಳ ಲೆಕ್ಕಾಚಾರ. ಚುಕ್ಕಿ ಉಬ್ಬಿ ಬೆರಳಿಗೆ ತಾಗಿದರೆ ಮಾತ್ರ ಅದು ಅಕ್ಷರ. ಇಲ್ಲಿ ಚುಕ್ಕಿಗಳು ನುಣ್ಣಗೆ ಮಲಗಿದ್ದವು. ಡಿಸೈನ್ ಮಾಡಿದ ಹುಡುಗನನ್ನು ಕೇಳಿದೆ. 'ಶ್ಯಾಡೋ ಕೊಟ್ಟಿದ್ದೀನಿ ಸರ್, ದೂರದಿಂದ ನೋಡಿದ್ರೆ ಉಬ್ಬಿದ ಹಾಗೇ ಕಾಣತ್ತೆ' ಅಂದ.

ಮುಂಬೈಯ ಉಪನಗರದ ನಮ್ಮ ಕನ್ನಡ ಸಂಘದ 'ಎಲ್ಲರ ಕಲಾ ಸಂಜೆ' ಹೀಗೆ ಶುರುವಾಯಿತು. ಡಿಸೆಂಬರ್ 3ರ ಹತ್ತಿರದ ಒಂದು ಭಾನುವಾರ. 1992ರಲ್ಲಿ ವಿಶ್ವಸಂಸ್ಥೆ ಆ ಒಂದು ದಿನವನ್ನು ಅಂಗವಿಕಲರಿಗೆ ಅಂತ ಎತ್ತಿಟ್ಟಿತು. ಉಳಿದ 364 ದಿನ ನಮಗೆ ಬಿಡುವು. ನಾನೂ ಸಮಿತಿಯಲ್ಲಿದ್ದೆ. ಹಾಗಾಗಿ ಮುಂದೆ ಬರುವ ಬೈಗುಳದಲ್ಲಿ ನನ್ನದೂ ಒಂದು ಪಾಲು ಇದೆ.

ಪೂರ್ವಭಾವಿ ಸಭೆಗಳು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ನಡೆದವು. ಮೂರು ಸಭೆ. ಮೂರರಲ್ಲೂ ಒಂದೇ ವಿಷಯ: ಬಂದವರನ್ನು ಏನಂತ ಕರೆಯುವುದು? ಅಂಗವಿಕಲರು ಅಂದರೆ ನೋವಾಗುತ್ತದೆ ಅಂತ ಒಬ್ಬರು. ವಿಕಲಚೇತನರು ಅಂದರೆ ಚೇತನಕ್ಕೇ ವಿಕಲತೆ ಬಂದ ಹಾಗೆ ಅಂತ ಇನ್ನೊಬ್ಬರು. ವಿಶೇಷ ಚೇತನರು, ದಿವ್ಯಾಂಗರು, ದೇವರ ಮಕ್ಕಳು ಅಂತೆಲ್ಲ ಏರಿ ಏರಿ, ನಾಲ್ಕನೇ ಕಾಫಿಯ ಹೊತ್ತಿಗೆ ಅವರನ್ನು ಹೆಚ್ಚುಕಡಿಮೆ ಗರ್ಭಗುಡಿಯಲ್ಲಿ ಕೂರಿಸಿದ್ದೆವು. ಗಾಲಿಕುರ್ಚಿ ಶೌಚಾಲಯದ ಬಾಗಿಲಲ್ಲಿ ಹಿಡಿಸುತ್ತದಾ ಅಂತ ಯಾರೋ ಕೇಳಿದರು. ಅದನ್ನು ಮುಂದಿನ ಸಭೆಗೆ ಹಾಕಿದೆವು. ಮುಂದಿನ ಸಭೆ ಇರಲಿಲ್ಲ.

ಹೆಸರಿನ ಬಗ್ಗೆ ಎಲ್ಲರಿಗಿಂತ ಜಾಸ್ತಿ ಭಾವುಕರಾದವರು ನಮ್ಮ ಖಜಾಂಚಿಗಳು. ಅವರಿಗೆ ವಿಷಯ ಹತ್ತಿರದಿಂದ ಗೊತ್ತು. ದಿನಾ ಬೆಳಿಗ್ಗೆ 8.42ರ ಫಾಸ್ಟ್ ಲೋಕಲ್‌ನಲ್ಲಿ ಹ್ಯಾಂಡಿಕ್ಯಾಪ್ ಡಬ್ಬಿಯಲ್ಲೇ ಬರುತ್ತಾರೆ. ಕೈಕಾಲು ಗಟ್ಟಿಮುಟ್ಟಾಗಿವೆ. 'ಜನರಲ್‌ನಲ್ಲಿ ಕಾಲಿಡೋಕೆ ಜಾಗ ಇರಲ್ಲ ಮಾರಾಯ್ರೇ' ಅನ್ನುತ್ತಾರೆ.

2023ರ ಜನವರಿಯಲ್ಲಿ ಪಣಜಿಯಲ್ಲಿ ಅಂಗವಿಕಲರ ದೊಡ್ಡ ಹಬ್ಬ, ಮೊದಲ ಪರ್ಪಲ್ ಫೆಸ್ಟ್ ಆಯಿತಲ್ಲ, ನಮ್ಮವರಿಬ್ಬರು ಅದನ್ನು ನೋಡಿ ಬಂದಿದ್ದರು. ಏನು ಕಲಿತಿರಿ ಅಂತ ಕೇಳಿದ್ದಕ್ಕೆ 'ಎಲ್ಲ ನೇರಳೆ ಬಣ್ಣ' ಅಂದರು. ಸರಿ, ನಮ್ಮಲ್ಲೂ ನೇರಳೆ ಬಲೂನು, ನೇರಳೆ ಶಾಲು, ನೇರಳೆ ನ್ಯಾಪ್‌ಕಿನ್. ಜೊತೆಗೆ ಎಲ್ಲರಿಗೂ ಗೋಡಂಬಿ.

ಆಮಂತ್ರಣವೂ ನೇರಳೆಯೇ. ವಾಟ್ಸಾಪ್‌ನಲ್ಲಿ ಚಿತ್ರ ಮಾಡಿ ಕಳಿಸಿದರು. ನನ್ನ ಗೆಳೆಯನೊಬ್ಬ ಹಾಡುಗಾರ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅವನ ಫೋನ್ ಅಕ್ಷರ ಇದ್ದರೆ ಓದಿ ಹೇಳುತ್ತದೆ. ಅವತ್ತು 'ಇಮೇಜ್' ಅಂತಷ್ಟೇ ಹೇಳಿತಂತೆ. 'ನಿಮ್ಮ ಸಂಘ ನನ್ನನ್ನು ಯಾವುದಕ್ಕೋ ಕರೆದಿದೆ. ಎಲ್ಲಿಗೆ, ಯಾವಾಗ, ಯಾಕೆ?' ಅಂತ ಫೋನ್ ಮಾಡಿದ.

ಇನ್ನು ರ್‍ಯಾಂಪ್. ನಿಯಮ ಸರಳ: ಒಂದಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ನಮ್ಮ ವೇದಿಕೆ ಮೂರಡಿ, ಅಂದರೆ ಮೂವತ್ತಾರು ಅಡಿ. ಅಷ್ಟು ಜಾಗ ಬಿಟ್ಟರೆ ಮುಂದಿನ ಸಾಲುಗಳೆಲ್ಲ ಹೋಗುತ್ತವೆ. ಅಲ್ಲಿ ಗಣ್ಯರು ಕೂರಬೇಕು. ಹಾಗಾಗಿ ಆರಡಿಯ ಪ್ಲೈವುಡ್ ಹಾಕಿ ಮೇಲೆ ಕೆಂಪು ಕಾರ್ಪೆಟ್ ಬಡಿದರು. ಅದು ಜಾರುಬಂಡೆ. ಮುಖ್ಯ ಅತಿಥಿಗಳು ಅದರ ಬುಡದಲ್ಲಿ ರಿಬ್ಬನ್ ಕತ್ತರಿಸಿದರು. ಒಂದು ಹೆಜ್ಜೆ ಇಟ್ಟರು. ಪಕ್ಕದವರ ಭುಜ ಹಿಡಿದುಕೊಂಡರು. ಆಮೇಲೆ ಮೆಟ್ಟಿಲು ಹತ್ತಿ ಹೋದರು.

ಗಾಲಿಕುರ್ಚಿಯಲ್ಲಿ ಕೂತು ನೃತ್ಯ ಮಾಡುವ ಹುಡುಗಿಯನ್ನು ಕುರ್ಚಿ ಸಮೇತ ಎತ್ತಲು ನಾಲ್ಕು ಜನ ತೋಳು ಮಡಚಿ ನಿಂತಿದ್ದರು. ಆಗ ಕೇಟರಿಂಗ್ ಹುಡುಗನೊಬ್ಬ, 'ಹಿಂದೆ ನಮ್ಮ ದಾರಿ ಇದೆಯಲ್ಲ' ಅಂದ. ಹೋಗಿ ನೋಡಿದರೆ ನಿಜ. ಅನ್ನದ ಕೊಪ್ಪರಿಗೆ, ಗ್ಯಾಸ್ ಸಿಲಿಂಡರ್ ತಳ್ಳಿಕೊಂಡು ಬರಲು ಉದ್ದನೆಯ ಸಿಮೆಂಟಿನ ಇಳಿಜಾರು, ನೇರ ವೇದಿಕೆಯ ಹಿಂಬಾಗಿಲಿಗೆ. ಈ ಹಾಲ್‌ಗೆ ಸಾಂಬಾರು ಯಾರ ಸಹಾಯವೂ ಇಲ್ಲದೆ ಎಷ್ಟೋ ವರ್ಷದಿಂದ ಬರುತ್ತಿದೆ. ಸಮಿತಿಯ ಹದಿನೇಳು ಮಂದಿಗೂ ಇದು ಗೊತ್ತಿರಲಿಲ್ಲ. ಹುಡುಗಿ ಆರಾಮಾಗಿ ಚಕ್ರ ತಿರುಗಿಸಿಕೊಂಡು ಬಂದಳು. 'ಯಾವ ಹಾಲ್‌ಗೆ ಹೋದ್ರೂ ನಂಗೇ ಮೊದ್ಲು ಊಟ ಏನಂತ ಗೊತ್ತಾಗೋದು' ಅಂದಳು.

2016ರ ಕಾನೂನು 21 ಬಗೆಯ ಅಂಗವೈಕಲ್ಯವನ್ನು ಪಟ್ಟಿ ಮಾಡಿದೆ. 1995ರ ಹಳೆಯ ಕಾನೂನಿನಲ್ಲಿ ಏಳಿತ್ತು. ನಮ್ಮ ಸಂಘ ಇನ್ನೂ ಎರಡರಲ್ಲೇ ಇದೆ: ಕಪ್ಪು ಕನ್ನಡಕ, ಗಾಲಿಕುರ್ಚಿ. ಆಟಿಸಂ ಇರುವ ಮಗನ ತಾಯಿ, ಸದ್ದು ಕಡಿಮೆ ಇರುವ ಕಡೆ ಒಂದು ಸೀಟು ಕೊಡಿ ಅಂತ ಕೇಳಿದ್ದರು. ಗೌರವದಿಂದ ಮೊದಲ ಸಾಲಿನಲ್ಲೇ ಕೂರಿಸಿದೆವು. ಬೀರುವಿನಷ್ಟು ದೊಡ್ಡ ಸ್ಪೀಕರಿನ ಪಕ್ಕದಲ್ಲಿ. ಪ್ರಾರ್ಥನೆ ಮುಗಿಯುವ ಮೊದಲೇ ತಾಯಿ ಮಗ ರಿಕ್ಷಾ ಹಿಡಿದು ಹೋಗಿದ್ದರು.

ಸಂಜ್ಞೆ ಭಾಷೆಯ ದುಭಾಷಿಯೂ ಇದ್ದರು, ಅದನ್ನು ಒಪ್ಪಬೇಕು. ಅವರನ್ನು ನಿಲ್ಲಿಸಿದ್ದು ಹೂಕುಂಡದ ಹಿಂದೆ. ಸ್ಪಾಟ್‌ಲೈಟ್ ಒಂದೇ ಇತ್ತು, ಅದು ಅಧ್ಯಕ್ಷರಿಗೆ. ಭಾಷಣ ನಲವತ್ತೆಂಟು ನಿಮಿಷ. ಕತ್ತಲಲ್ಲಿ ಎರಡು ಕೈಗಳು ಒಂದೇ ಸಮ ದುಡಿಯುತ್ತಿದ್ದವು. ಕಿವುಡ ಮಕ್ಕಳು ಭಾಷಣ ಕಾಣದ್ದಕ್ಕೆ ತಮ್ಮತಮ್ಮಲ್ಲೇ ಹರಟೆ ಹೊಡೆದರು. ಅಷ್ಟು ಹೊತ್ತು ಅಲ್ಲಿ ಖುಷಿಯಾಗಿದ್ದವರು ಅವರೇ. ಆಮೇಲೆ ಅದೇ ಮಕ್ಕಳು ಕುಣಿದರು. ಸೊಗಸಾಗಿ ಕುಣಿದರು. ನಿರೂಪಕಿ ಗದ್ಗದಿತರಾಗಿ, 'ಚಪ್ಪಾಳೆ ಜೋರಾಗಿರಲಿ, ಈ ಮಕ್ಕಳಿಗೆ ಕೇಳಿಸೋ ಹಾಗೆ!' ಅಂದರು. ಹಿಂದಿನ ಸಾಲಿನಲ್ಲಿದ್ದ ಇಬ್ಬರು ಕಿವುಡ ತಂದೆಯರು ಮಾತ್ರ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿದರು. ಅವರ ಚಪ್ಪಾಳೆ ಹಾಗೇ. ಸ್ವಯಂಸೇವಕ ಓಡಿ ಹೋಗಿ ನೀರಿನ ಬಾಟಲಿ ಕೊಟ್ಟು ಬಂದ.

ಅಧ್ಯಕ್ಷರ ಭಾಷಣದಲ್ಲಿ ಗದಗಿನ ಪುಟ್ಟರಾಜ ಗವಾಯಿಗಳು ಬಂದೇ ಬಂದರು. 'ಕಣ್ಣಿಲ್ಲದಿದ್ದರೂ ಎಷ್ಟು ಎತ್ತರಕ್ಕೆ ಏರಿದರು!' ಅಂತ. ಗವಾಯಿಗಳು ನಾಟಕ ಕಂಪನಿ ನಡೆಸಿದವರು. ಜನ ಟಿಕೆಟ್ ತಗೊಂಡು ಬರುತ್ತಿದ್ದರು. ಕಾಸು ಕೊಟ್ಟವನು ಕಣ್ಣೀರು ಹಾಕಿ ಎದ್ದು ಹೋಗುವುದಿಲ್ಲ. ಹಾಡು ಹಿಡಿಸದಿದ್ದರೆ ಹಿಡಿಸಲಿಲ್ಲ ಅನ್ನುತ್ತಾನೆ. ನಮ್ಮಲ್ಲಿ ಪ್ರವೇಶ ಉಚಿತ, ಕಲಾವಿದರೂ ಉಚಿತ. ಹೂವಿನವರಿಗೆ ದುಡ್ಡು, ಮೈಕಿನವರಿಗೆ ದುಡ್ಡು, ಬಲೂನಿನವರಿಗೆ ಅಡ್ವಾನ್ಸು. ಹಾಡಿದವರಿಗೆ, ಕುಣಿದವರಿಗೆ ನೇರಳೆ ಶಾಲು. ಜೊತೆಗೆ ಗಾಜಿನ ಚೌಕಟ್ಟಿನೊಳಗೆ ಅವರದೇ ಫೋಟೋ. ನನ್ನ ಗೆಳೆಯ ಗಾಜು ಸವರಿ, 'ಯಾರಿದು?' ಅಂತ ಕೇಳಿದ.

ಅವನಿಗೆ ಸಿಕ್ಕಿದ್ದು ಏಳು ನಿಮಿಷ. ಸನ್ಮಾನಗಳು ಇನ್ನೂ ಬಾಕಿ ಇದ್ದವು. ದಾನಿಗಳು, ದಾನಿಗಳ ಪರಿಚಯ ಮಾಡಿಕೊಟ್ಟವರು, ಹಾಗೆ. ಮೊದಲ ವಚನ ಮುಗಿಯುತ್ತಿದ್ದಂತೆ ಕಾರ್ಯದರ್ಶಿಗಳು ಬಗ್ಗಿಕೊಂಡು ಬಂದು ಅವನ ಕೈಗೆ ಒಂದು ಚೀಟಿ ತುರುಕಿದರು. ಅವನು ತಲೆಯಾಡಿಸಿ ಅದನ್ನು ಜೇಬಿಗೆ ಹಾಕಿಕೊಂಡ. ಎರಡನೆಯದು ಶುರು ಮಾಡಿದ. ಆಮೇಲೆ ಮೂರನೆಯದು. ವೇದಿಕೆಯ ಅಂಚಿನಿಂದ ಕಾರ್ಯದರ್ಶಿಗಳು ಗಡಿಯಾರ ತೋರಿಸಿದರು. ಕುತ್ತಿಗೆ ಕತ್ತರಿಸುವ ಸನ್ನೆಯನ್ನೂ ಮಾಡಿದರು. ಇಪ್ಪತ್ತೆರಡು ನಿಮಿಷ ಹಾಡಿದ.

ರಾತ್ರಿ ದಾದರ್‌ನಲ್ಲಿ ಗಾಡಿ ಕಾಯುತ್ತಿದ್ದೆವು. 'ಹೇಗಿತ್ತು?' ಅಂದ.

'ಎಲ್ಲರೂ ಸ್ಫೂರ್ತಿ ಅಂತ...'

'ಅವರದು ಬಿಡು. ಎರಡನೆಯದರಲ್ಲಿ ಶ್ರುತಿ ಇಳೀತು, ಅಲ್ವಾ?'

'ಇಳೀತು. ಸ್ವಲ್ಪ ಜಾಸ್ತಿನೇ.'

'ಹೂಂ' ಅಂದು ನಕ್ಕ. ಜೇಬಿನಿಂದ ಚೀಟಿ ತೆಗೆದು ಕೊಟ್ಟ. 'ಏನು ಬರೆದಿದ್ದಾರೆ ಓದು.'

ಓದಿದೆ: 'ದಯವಿಟ್ಟು ತಕ್ಷಣ ಮುಗಿಸಿ.'

'ಅಂದುಕೊಂಡೆ' ಅಂದ. 'ಅದಕ್ಕೇ ಮೂರನೆಯದೂ ಹಾಡಿದೆ.'