ಎಂಜಿನ್ ನಂಬರ್ ಒಂದೇ ಸಾಲದು
ಹಳೇ ಮಿನಿ ಬೈಕ್ (ಪುಟ್ಟ ಚಕ್ರಗಳ ಚಿಕ್ಕ ಮೋಟಾರ್ ಬೈಕ್) ಯಾವ ವರ್ಷದ್ದು ಅಂತ ತಿಳಿಯಲು ಎಂಜಿನ್ ಕೋಡ್ ನೋಡಿದರೆ ಸಾಕು ಎಂದು ನಿಮ್ಮ ಲೇಖನದಲ್ಲಿದೆ. ನಾನು ಒಪ್ಪುವುದಿಲ್ಲ. ಅಮೆರಿಕದ ಎಂಜಿನ್ ಕಂಪನಿ ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್‌ನ ಕೋಡ್ 680415 ಅಂತ ಶುರುವಾದರೆ ಆ ಎಂಜಿನ್ 1968ರ ಏಪ್ರಿಲ್ 15ರದ್ದು, ಅದು ನಿಜ. ಆದರೆ ಅಮೆರಿಕದ ಆ ಕಾಲದ ಮಿನಿ ಬೈಕ್‌ಗಳಿಗೆ ಹಾಕುತ್ತಿದ್ದದ್ದು ಹುಲ್ಲು ಕತ್ತರಿಸುವ ಯಂತ್ರದಂಥ ಸಾಮಾನ್ಯ ಎಂಜಿನ್. ನಾಲ್ಕು ಬೋಲ್ಟ್ ಬಿಚ್ಚಿದರೆ ಬೇರೆಯದು ಕೂರುತ್ತದೆ, ಅಲ್ವಾ? ಮೊದಲು ಫ್ರೇಮ್, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು), ವೆಲ್ಡಿಂಗ್ ನೋಡಿ. ದಯವಿಟ್ಟು ಸುಮ್ನೆ ಹೊಸ ಬಣ್ಣ ಬಳಿಯಬೇಡಿ, ಗುರುತೆಲ್ಲ ಅದರಡಿ ಮುಚ್ಚಿಹೋಗುತ್ತದೆ.

ಹೋಂಡಾ ಕಂಪನಿಯ ಮಿನಿ ಬೈಕ್ ಮಂಕಿಯ ಮಾದರಿಗಳನ್ನು ಗುರುತಿಸುವುದು ಸುಲಭ. ಝಡ್50ಎಂಗೆ 5 ಇಂಚಿನ ಚಕ್ರ, ಝಡ್50ಎಗೆ 8 ಇಂಚು. 1961ರಲ್ಲಿ ಟೋಕಿಯೊ ಹತ್ತಿರದ ಟಾಮಾ ಟೆಕ್ ಪಾರ್ಕ್‌ನಲ್ಲಿ ಮಕ್ಕಳು ಓಡಿಸುತ್ತಿದ್ದ ಝಡ್100 ಈ ಮಂಕಿಗಳ ಮೂಲ. ಅದನ್ನೂ ಲೇಖನಕ್ಕೆ ಸೇರಿಸಿ.